ಬಯೋಡಾಟಾದಲ್ಲಿ ನಮ್ಮ ಮಕ್ಕಳ ದುಡಿಮೆ ಕಾಣಿಸಲಿ

ಮಾನ್ಯ ಸಂಪಾದಕರೇ,

ಜೂನ್ ತಿಂಗಳು ಬಂತೆಂದರೆ ಮುಂಬಯಿ ಮತ್ತು ಉಪನಗರಗಳ ನಮ್ಮ ಕನ್ನಡ ಸಂಘಗಳು ವಿದ್ಯಾರ್ಥಿಗಳಿಗೆ ಪುಸ್ತಕ ಹಂಚಿದ, ವಿದ್ಯಾರ್ಥಿವೇತನ ನೀಡಿದ, ಹತ್ತು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಶಾಲು ಹೊದಿಸಿ ಸನ್ಮಾನಿಸಿದ ಸುದ್ದಿಗಳು ತಮ್ಮ ಪತ್ರಿಕೆಯ ಪುಟಗಳನ್ನು ತುಂಬಿರುತ್ತವೆ. ಅಂಥ ಒಂದು ವಿದ್ಯಾರ್ಥಿವೇತನದ ಬಲದಿಂದಲೇ ಓದು ಮುಗಿಸಿದ ನನಗೆ ಈ ಕೆಲಸದ ಬಗ್ಗೆ ಅಪಾರ ಗೌರವವಿದೆ. ಆದರೆ ಹಾಗೆ ಓದಿ ಮುಗಿಸಿದ ಹುಡುಗನೋ ಹುಡುಗಿಯೋ ಮೊದಲ ಬಾರಿಗೆ ಕೆಲಸಕ್ಕೆ ಅರ್ಜಿ ಹಾಕುವ ದಿನ ಅವರ ಪಕ್ಕದಲ್ಲಿ ಕೂರುವವರು ನಮ್ಮಲ್ಲಿ ಯಾರೂ ಇಲ್ಲ. ಅಂದು ಅವರು ಹೋಗುವುದು ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಗೆ. ಅಲ್ಲಿನ ಕಂಪ್ಯೂಟರಿನಲ್ಲಿ ಯಾರೋ ಎಂದೋ ಮಾಡಿಟ್ಟ ಬಯೋಡಾಟಾದ ಒಂದು ನಮೂನೆ ಇರುತ್ತದೆ. ಹೆಸರು, ವಿಳಾಸ, ಅಂಕಗಳನ್ನು ಬದಲಾಯಿಸಿ ಹತ್ತು ಪ್ರತಿ ತೆಗೆದುಕೊಂಡರೆ ಕೆಲಸ ಮುಗಿಯಿತು. ಈ ವಿಷಯದ ಬಗ್ಗೆ ತಮ್ಮ ಓದುಗರೊಡನೆ ಕೆಲವು ಮಾತು ಹಂಚಿಕೊಳ್ಳಲು ಅವಕಾಶ ಕೋರುತ್ತೇನೆ.

ನಾನು ಠಾಣೆ–ಬೇಲಾಪುರ ಕೈಗಾರಿಕಾ ಪ್ರದೇಶದ ಖಾಸಗಿ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದು ನಿವೃತ್ತನಾದವನು. ಕೆಲಸ ಕೇಳಿ ಬಂದ ಅರ್ಜಿಗಳನ್ನು ಓದಿ, ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಮೊದಲ ಸುತ್ತಿನಲ್ಲಿ ಬೇರ್ಪಡಿಸುವ ಹೊಣೆ ಬಹುಕಾಲ ನನ್ನದಾಗಿತ್ತು. ನಿವೃತ್ತಿಯ ನಂತರ ಭಾನುವಾರಗಳಂದು ಡೊಂಬಿವಲಿಯಲ್ಲಿ ನಮ್ಮವರ ಮಕ್ಕಳು ತರುವ ಬಯೋಡಾಟಾಗಳನ್ನು ಕೂತು ತಿದ್ದಿಕೊಡುತ್ತೇನೆ. ಮೇಜಿನ ಎರಡೂ ಕಡೆ ಕುಳಿತು ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ನಮ್ಮ ಮಕ್ಕಳಿಗೆ ಬರೆಯಲು ಸಂಗತಿ ಇಲ್ಲವೆಂದಲ್ಲ, ಇರುವ ಸಂಗತಿಯನ್ನು ಬರೆಯಲು ಅವರು ನಾಚುತ್ತಾರೆ.

ನನಗೆ ಹೀಗೆ ಅನ್ನಿಸಲು ಕಾರಣವಾದ ಒಂದು ಘಟನೆಯನ್ನು ಹೇಳಲೇಬೇಕು, ಏಕೆಂದರೆ ಅದರಲ್ಲಿ ತಪ್ಪು ಮಾಡಿದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾರ್ಖಾನೆಯ ಉಗ್ರಾಣಕ್ಕೆ ಒಬ್ಬ ಸಹಾಯಕ ಬೇಕಾಗಿದ್ದ. ಬಂದ ಅರ್ಜಿಗಳಲ್ಲಿ ಊರ ಕಡೆಯ ಒಬ್ಬ ಹುಡುಗನದೂ ಇತ್ತು. ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಬಿ.ಕಾಂ. ಮುಗಿಸಿದ್ದ, ಅನುಭವ ಎಂಬ ಕಡೆ ‘ಇಲ್ಲ’ ಎಂದು ಬರೆದಿದ್ದ. ಅನುಭವ ಇದ್ದವರ ಅರ್ಜಿಗಳು ಸಾಕಷ್ಟು ಇದ್ದುದರಿಂದ ಅವನದನ್ನು ಬದಿಗೆ ಸರಿಸಿದೆ. ಎರಡು ತಿಂಗಳ ಬಳಿಕ ಮುಲುಂಡ್ ಸ್ಟೇಷನ್ ಹತ್ತಿರದ ಹೋಟೆಲೊಂದಕ್ಕೆ ಹೋಗಿದ್ದಾಗ, ಪರಿಚಯದ ಮಾಲಕರು ಹಿಂದಿನ ಕೋಣೆಯಲ್ಲಿ ಅಕ್ಕಿಯ ಚೀಲ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗನನ್ನು ಕರೆದು, ‘ಇವ ಒಂದು ದಿನ ರಜೆ ಮಾಡಿದರೆ ನಮ್ಮ ಸ್ಟೋರ್ ನಡೆಯುವುದಿಲ್ಲ ಮಾರಾಯ್ರೆ’ ಎಂದು ಪರಿಚಯಿಸಿದರು. ನನ್ನ ಕಂಪನಿಯ ಹೆಸರು ಕೇಳಿದ ಹುಡುಗ, ತಾನೂ ಅಲ್ಲಿಗೆ ಅರ್ಜಿ ಹಾಕಿದ್ದೆನೆಂದು ತಗ್ಗಿದ ದನಿಯಲ್ಲಿ ಹೇಳಿದ. ನಾಲ್ಕು ವರ್ಷಗಳಿಂದ ಅವನು ಆ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ! ಅದನ್ನೇಕೆ ಬರೆಯಲಿಲ್ಲವೆಂದು ಕೇಳಿದರೆ, ‘ಅದು ಹೋಟೆಲ್ ಕೆಲಸ ಅಲ್ವಾ ಸರ್, ಅದನ್ನೆಲ್ಲ ಬಯೋಡಾಟಾದಲ್ಲಿ ಬರೀಲಿಕ್ಕೆ ಉಂಟಾ?’ ಎಂದ. ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಅರ್ಜಿಯ ಮೇಲಿನ ‘ಇಲ್ಲ’ ಎಂಬ ಎರಡಕ್ಷರವನ್ನು ನಂಬಿ, ರಾತ್ರಿ ಶಾಲೆಗೆ ಹೋದವನು ಹಗಲಿಡೀ ಏನು ಮಾಡುತ್ತಿದ್ದಿರಬಹುದೆಂದು ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಚರಿತ್ರೆ ಬಲ್ಲವನಾಗಿಯೂ ನನಗೆ ಅದು ಹೊಳೆಯಲಿಲ್ಲವೆಂಬ ನೋವು ಇಂದಿಗೂ ಇದೆ.

ಆ ಹುಡುಗ ಬರೆಯಬೇಕಾಗಿದ್ದುದು ಹೆಚ್ಚೇನೂ ಇರಲಿಲ್ಲ. ಯಾವ ವರ್ಷದಿಂದ ಉಗ್ರಾಣದ ಹೊಣೆ, ಎಷ್ಟು ಬಗೆಯ ಸಾಮಾನು, ಬಂದ ಮಾಲಿನ ತೂಕವನ್ನು ಬಿಲ್ಲಿನೊಡನೆ ತಾಳೆ ನೋಡುವುದು, ಹಳೆಯ ಸರಕು ಮೊದಲು ಖರ್ಚಾಗುವಂತೆ ಜೋಡಿಸುವುದು, ತಿಂಗಳ ಕೊನೆಯ ದಾಸ್ತಾನು ಲೆಕ್ಕ. ಈ ನಾಲ್ಕೈದು ಸಾಲುಗಳಿದ್ದಿದ್ದರೆ ಅವನು ಆ ವಾರ ಸಂದರ್ಶನಕ್ಕೆ ಬಂದಿರುತ್ತಿದ್ದ. ಕಾರ್ಖಾನೆಯ ಉಗ್ರಾಣದಲ್ಲೂ ನಡೆಯುವುದು ಅದೇ ಕೆಲಸ. ಉದ್ದಿನಬೇಳೆಯ ಬದಲು ಅಲ್ಲಿ ಬೇರಿಂಗು ಇರುತ್ತದೆ, ಅಷ್ಟೇ.

ಇಂದು ನನ್ನ ಬಳಿಗೆ ಬರುವ ಮಕ್ಕಳಲ್ಲಿ ಅನೇಕರು ಇದೇ ತಪ್ಪನ್ನು ಮಾಡುತ್ತಾರೆ. ಗಲ್ಲಾದಲ್ಲಿ ಕುಳಿತು ದಿನದ ನಗದು ಮತ್ತು ಯುಪಿಐ ಜಮೆಯನ್ನು ಬಿಲ್ಲುಗಳೊಂದಿಗೆ ಹೊಂದಿಸುವ ಹುಡುಗ ಅದನ್ನು ಬರೆಯುವುದಿಲ್ಲ. ಮಾವನ ಕ್ಯಾಟರಿಂಗಿನಲ್ಲಿ ಐನೂರು ಜನರ ಊಟದ ಸಾಮಾನು ಪಟ್ಟಿ ಮಾಡುವ, ಬಡಿಸುವವರನ್ನು ಹೊಂದಿಸುವ ಹುಡುಗ ಬರೆಯುವುದಿಲ್ಲ. ಕಟ್ಟಡದ ಗಣೇಶೋತ್ಸವ ಮಂಡಳಿಯ ಲೆಕ್ಕಪತ್ರವನ್ನು ಮೂರು ವರ್ಷ ಬರೆದ ಹುಡುಗಿ ತನ್ನ ಬಯೋಡಾಟಾದಲ್ಲಿ ಹವ್ಯಾಸ ಎಂಬ ಕಡೆ ‘ಸಂಗೀತ ಕೇಳುವುದು’ ಎಂದು ಬರೆದು ತಂದಿದ್ದಳು. ಅವಳಿಗೆ ಬೇಕಾಗಿದ್ದುದು ಲೆಕ್ಕಪತ್ರ ವಿಭಾಗದ ಕೆಲಸ! ಹೀಗೆ ಖಾಲಿಯಾಗಿ ಉಳಿದ ಜಾಗವನ್ನು ತುಂಬುವುದಕ್ಕೆ ಝೆರಾಕ್ಸ್ ಅಂಗಡಿಯ ನಮೂನೆಯಲ್ಲಿ ಬೇಕಾದಷ್ಟು ಸಾಲುಗಳು ಸಿದ್ಧವಾಗಿರುತ್ತವೆ. ಸವಾಲಿನ ಪರಿಸರದಲ್ಲಿ ಸಂಸ್ಥೆಯ ಏಳಿಗೆಗಾಗಿ ದುಡಿಯುವುದೇ ನನ್ನ ಧ್ಯೇಯವೆಂಬ ಅರ್ಥದ ಇಂಗ್ಲಿಷ್ ಸಾಲು ಮೇಲೆ. ಪರಿಶ್ರಮಿ, ಪ್ರಾಮಾಣಿಕ, ತಂಡದೊಂದಿಗೆ ಬೆರೆಯುವವನು ಎಂಬ ಗುಣಗಳ ಪಟ್ಟಿ ನಡುವೆ. ಮೇಲಿನದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯವೆಂಬ ಘೋಷಣೆ, ಸ್ಥಳ, ದಿನಾಂಕ, ಸಹಿ ಕೆಳಗೆ. ನಾನು ಕೆಲಸದಲ್ಲಿದ್ದ ಅಷ್ಟೂ ವರ್ಷ ಆ ಮೇಲಿನ ಸಾಲನ್ನು ಓದಿ ಒಬ್ಬರನ್ನೂ ಕರೆದದ್ದಿಲ್ಲ. ಪ್ರಾಮಾಣಿಕನೆಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಎರಡು ವರ್ಷ ಗಲ್ಲಾ ನೋಡಿಕೊಂಡೆ, ದಿನದ ಲೆಕ್ಕ ರಾತ್ರಿಯೇ ಮುಗಿಸುತ್ತಿದ್ದೆ ಎಂದು ಬರೆದವನ ಪ್ರಾಮಾಣಿಕತೆ ಹೇಳದೆಯೇ ತಿಳಿಯುತ್ತದೆ.

ಒಂದು ಹುದ್ದೆಗೆ ಇನ್ನೂರು ಅರ್ಜಿ ಬಂದಾಗ ಮೊದಲ ನೋಟದಲ್ಲಿ ಒಂದೊಂದಕ್ಕೆ ಅರ್ಧ ನಿಮಿಷವೂ ಸಿಗುವುದಿಲ್ಲವೆಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಆ ಅರ್ಧ ನಿಮಿಷದಲ್ಲಿ ಕಣ್ಣು ಹೋಗುವುದು ಪುಟದ ಮೇಲಿನ ಮೂರನೇ ಒಂದು ಭಾಗಕ್ಕೆ. ಆದ್ದರಿಂದ ಹೆಸರು, ಫೋನ್ ಸಂಖ್ಯೆ, ಇಮೇಲ್, ವಾಸದ ಉಪನಗರ ಇವಿಷ್ಟನ್ನು ಎರಡು ಸಾಲಿನಲ್ಲಿ ಮುಗಿಸಿ, ಅದರ ಕೆಳಗೇ ತಾನು ಏನು ಬಲ್ಲೆ, ಎಷ್ಟು ವರ್ಷದಿಂದ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಬಳಿಕ ಕೆಲಸದ ಅನುಭವ, ಇತ್ತೀಚಿನದು ಮೊದಲು, ಹಳೆಯದು ಆಮೇಲೆ. ಹೊಸದಾಗಿ ಕೆಲಸ ಹುಡುಕುವವರಿಗೆ ಒಂದು ಪುಟ ಸಾಕು. ಹತ್ತಾರು ವರ್ಷ ದುಡಿದವರಿಗೂ ಎರಡು ಪುಟ ಮೀರುವ ಅಗತ್ಯ ಬೀಳುವುದಿಲ್ಲ.

ಸಾಲುಗಳು ಕೆಲಸದ ಭಾಷೆಯಲ್ಲಿರಬೇಕು. ಐಟಿಐ ಮುಗಿಸಿದ ಹುಡುಗ ‘ಯಂತ್ರಗಳ ಜ್ಞಾನವಿದೆ’ ಎಂದರೆ ಕಾರ್ಖಾನೆಯವರಿಗೆ ಏನೂ ತಿಳಿಯದು. ಲೇತ್ ಮೇಲೋ, ಮಿಲ್ಲಿಂಗ್ ಮೇಲೋ, ಸಿಎನ್‌ಸಿ ಮೇಲೋ, ಮೈಕ್ರೋಮೀಟರಿನಲ್ಲಿ ಅಳತೆ ತೆಗೆಯಬಲ್ಲನೋ, ಡ್ರಾಯಿಂಗ್ ಓದಬಲ್ಲನೋ, ಅಪ್ರೆಂಟಿಸ್ ಆಗಿ ಎಷ್ಟು ತಿಂಗಳು ಎಲ್ಲಿ ಇದ್ದ ಎಂಬುದು ಬೇಕು. ಬಿ.ಕಾಂ. ಆದವರು ‘ಅಕೌಂಟ್ಸ್ ಕೆಲಸ’ ಎಂದಷ್ಟೇ ಬರೆಯದೆ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿ ನಮೂದಿಸಿದ್ದು ಖರೀದಿಯನ್ನೋ ಮಾರಾಟವನ್ನೋ, ಬ್ಯಾಂಕ್ ತಾಳೆ ಮಾಡಿದ್ದುಂಟೋ, ಜಿಎಸ್‌ಟಿ ತೆರಿಗೆಯ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿಗೆ ಬೇಕಾದ ವಿವರ ಸಿದ್ಧಪಡಿಸಿದ್ದುಂಟೋ ಎಂದು ಬಿಡಿಸಿ ಬರೆಯಬೇಕು. ಸಂಖ್ಯೆ ಇದ್ದಲ್ಲಿ ಸಂಖ್ಯೆ ಬರಲಿ, ಇಲ್ಲದಿದ್ದರೆ ಹುಟ್ಟಿಸುವುದು ಬೇಡ. ಹಾಗೆಯೇ ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿದ ಕೆಲಸಗಳಲ್ಲಿ ತಾನು ಮಾಡಿರುವುದನ್ನು ಅವರು ಬಳಸಿದ ಪದಗಳಲ್ಲೇ ಮೇಲಕ್ಕೆ ತರಬೇಕು. ಒಂದೇ ಬಯೋಡಾಟಾವನ್ನು ಬ್ಯಾಂಕಿಗೂ ಔಷಧ ಕಂಪನಿಗೂ ಕಳುಹಿಸಿದರೆ ಇಬ್ಬರಿಗೂ ಅದು ತಮಗಾಗಿ ಬರೆದದ್ದಲ್ಲವೆಂದು ಗೊತ್ತಾಗುತ್ತದೆ.

ಈ ಪದಗಳ ಮಾತಿಗೆ ಈಗ ಇನ್ನೊಂದು ಕಾರಣವೂ ಸೇರಿದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ತಂತ್ರಾಂಶ. ಅದು ಕಡತದಿಂದ ಅಕ್ಷರಗಳನ್ನು ಹೆಕ್ಕಿ ಹೆಸರು, ಓದು, ಅನುಭವ ಎಂದು ವಿಂಗಡಿಸಿ ಇಡುತ್ತದೆ. ನೇಮಕಾತಿಯವರು ತಮಗೆ ಬೇಕಾದ ಪದ ಕೊಟ್ಟು ಅದರಲ್ಲಿ ಹುಡುಕುತ್ತಾರೆ. ಬಣ್ಣದ ಚೌಕಟ್ಟು, ಪಕ್ಕಪಕ್ಕದ ಎರಡು ಕಾಲಂ, ಕೋಷ್ಟಕ, ನಕ್ಷತ್ರಗಳಲ್ಲಿ ತೋರಿಸಿದ ಕೌಶಲ ಇವೆಲ್ಲ ಕಣ್ಣಿಗೆ ಚೆಂದ ಕಂಡರೂ ಹಲವು ತಂತ್ರಾಂಶಗಳಿಗೆ ಗೊಂದಲ. ಎಡಗಡೆಯ ಸಾಲು ಬಲಗಡೆಯದರೊಳಗೆ ಸೇರಿಕೊಂಡು ಅರ್ಥ ಕೆಡುತ್ತದೆ. ಪುಟದ ತಲೆಪಟ್ಟಿಯೊಳಗೆ ಹಾಕಿದ ಫೋನ್ ಸಂಖ್ಯೆ ಕೆಲವೊಮ್ಮೆ ಬಿಟ್ಟೇಹೋಗುತ್ತದೆ. ಇನ್ನು ಮುದ್ರಿತ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸುವವರಿದ್ದಾರೆ. ಅದು ಬರಿಯ ಚಿತ್ರ, ಹುಡುಕಿದರೆ ಅಕ್ಷರ ಸಿಗುವುದು ಅನುಮಾನ. ಸಾದಾ ಅಕ್ಷರದಲ್ಲಿ ಟೈಪ್ ಮಾಡಿದ, ಪಿಡಿಎಫ್ ಅಥವಾ ಜಾಹೀರಾತಿನಲ್ಲಿ ಕೇಳಿದ ರೂಪದ ಕಡತ, ಅದಕ್ಕೆ ತನ್ನ ಹೆಸರು ಮತ್ತು ಹುದ್ದೆಯ ಹೆಸರು, ಇಷ್ಟು ಸಾಕು.

ನಮ್ಮವರಿಗೇ ವಿಶೇಷವಾಗಿ ಅನ್ವಯಿಸುವ ಕೆಲವು ಸಂಗತಿಗಳಿವೆ. ಊರಿನಲ್ಲಿ ಓದಿ ಬಂದವರು ‘ಪಿಯುಸಿ’ ಎಂದಷ್ಟೇ ಬರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ತರಗತಿಗೆ ಎಚ್‌ಎಸ್‌ಸಿ ಎನ್ನುವುದರಿಂದ, ಇಲ್ಲಿನ ಚಿಕ್ಕ ಕಚೇರಿಗಳಲ್ಲಿ ಅದೇನೆಂದು ಕೇಳುವವರನ್ನು ನಾನೇ ಕಂಡಿದ್ದೇನೆ. ಪಕ್ಕದಲ್ಲಿ ‘12ನೇ ತರಗತಿ’ ಎಂದು ಸೇರಿಸಿದರೆ ತೊಂದರೆ ತಪ್ಪುತ್ತದೆ. ಊರಿನ ಕಾಯಂ ವಿಳಾಸ ಮೊದಲ ಸಾಲಿನಲ್ಲಿ ಬೇಡ. ಕುಂದಾಪುರ ತಾಲೂಕು ಎಂದು ಓದಿದವರು ಈತ ಮುಂಬಯಿಯಲ್ಲೇ ಇಲ್ಲವೆಂದು ತಿಳಿದಾರು. ‘ಡೊಂಬಿವಲಿ ಪೂರ್ವ’, ‘ಭಾಯಂದರ್ ಪಶ್ಚಿಮ’ ಎಂದಿದ್ದರೆ ಯಾವ ಲೋಕಲ್ ರೈಲಿನ ಲೈನಿನಿಂದ ಬರುತ್ತಾನೆ, ಬೆಳಗಿನ ಪಾಳಿಗೆ ತಲುಪಬಲ್ಲನೇ ಎಂದು ಇಲ್ಲಿನವರು ಕೂಡಲೇ ಅಂದಾಜಿಸುತ್ತಾರೆ. ಅದಕ್ಕೆ ಮನೆಯ ಸಂಖ್ಯೆ, ಚಾಳಿನ ಹೆಸರು ಬೇಕಿಲ್ಲ.

ಭಾಷೆಗಳ ವಿಷಯದಲ್ಲಿ ನಾವು ಎಷ್ಟೊಂದು ಶ್ರೀಮಂತರೆಂಬುದು ನಮಗೇ ತಿಳಿದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಬಳಸುವ ಹುಡುಗಿ ‘ಮಾತೃಭಾಷೆ’ ಎಂಬ ಒಂದು ಪದದಲ್ಲಿ ಅದನ್ನೆಲ್ಲ ಮುಗಿಸಿಬಿಡುತ್ತಾಳೆ. ಕರ್ನಾಟಕದ ಗ್ರಾಹಕರೊಡನೆ ಮಾತಾಡಬೇಕಾದ ವಿಮೆ, ಬ್ಯಾಂಕ್, ಸಾಗಣೆ ಕಂಪನಿಗಳ ಕಚೇರಿಗಳು ಈ ನಗರದಲ್ಲಿವೆ. ಅಲ್ಲಿ ಕನ್ನಡ ಬಲ್ಲವರು ಬೇಕಾಗುತ್ತಾರೆ. ಯಾವ ಭಾಷೆಯನ್ನು ಮಾತಾಡಬಲ್ಲೆ, ಯಾವುದನ್ನು ಓದಿ ಬರೆಯಬಲ್ಲೆ ಎಂದು ಬೇರೆ ಬೇರೆಯಾಗಿ ನಮೂದಿಸಬೇಕು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅನೇಕ ಮಕ್ಕಳಿಗೆ ಕನ್ನಡ ಮಾತು ಬಂದರೂ ಬರಹ ಬರುವುದಿಲ್ಲವೆಂಬುದು ಬೇಸರದ ಸಂಗತಿ. ಇದ್ದದ್ದನ್ನು ಇದ್ದಂತೆ ಬರೆಯುವುದೇ ಸರಿ.

ತಂದೆಯ ಹೆಸರು, ಅವರ ಉದ್ಯೋಗ, ಧರ್ಮ, ಜಾತಿ, ವಿವಾಹ ಸ್ಥಿತಿ ಇವುಗಳನ್ನು ಬರೆಯುವ ರೂಢಿ ಮದುವೆಯ ಬಯೋಡಾಟಾದಿಂದ ಬಂದಂತಿದೆ. ಸರ್ಕಾರಿ ಅರ್ಜಿ ನಮೂನೆಯಲ್ಲಿ ಮೀಸಲಾತಿಗಾಗಿ ಕೇಳಿದರೆ ತುಂಬಲೇಬೇಕು, ಆ ಮಾತು ಬೇರೆ. ಖಾಸಗಿ ಕೆಲಸಕ್ಕೆ ಇದನ್ನು ತಾನಾಗಿ ಕೊಡುವುದರಿಂದ ಯಾವ ಲಾಭವೂ ಇಲ್ಲ, ಹಾನಿ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಮೇಲ್ಜಾತಿಯ, ದಲಿತ ಮತ್ತು ಮುಸ್ಲಿಂ ಹೆಸರುಗಳಲ್ಲಿ ಕಳುಹಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರಿನವರಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಕಡಿಮೆಯೆಂದು ಕಂಡುಬಂತು. ಅರ್ಜಿ ಬೇರ್ಪಡಿಸುವ ಕುರ್ಚಿಯಲ್ಲಿ ಕುಳಿತಿದ್ದವನಾಗಿ ಇದನ್ನು ಓದಿದಾಗ ನನ್ನ ಕೈಯಿಂದ ಏನಾಗಿರಬಹುದೆಂದು ಬಹಳ ದಿನ ಚಿಂತಿಸಿದ್ದೇನೆ. ಹೆಸರನ್ನು ಮುಚ್ಚಿಡಲಾಗದು, ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಕೆಲಸಕ್ಕೆ ಸಂಬಂಧವಿಲ್ಲದ ವಿವರಗಳನ್ನು ಓದುವವನ ಕೈಗೆ ನಾವೇ ಏಕೆ ಒಪ್ಪಿಸಬೇಕು?

ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆಗಳನ್ನಂತೂ ಬಯೋಡಾಟಾದಲ್ಲಿ ಬರೆಯಲೇಬಾರದು. ಉದ್ಯೋಗದ ಜಾಲತಾಣಗಳಲ್ಲಿ ಹಾಕಿದ ಕಡತ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು. ನೇಮಕವಾದ ಮೇಲೆ ಕಂಪನಿ ಕೇಳುತ್ತದೆ, ಆಗ ಕೊಟ್ಟರಾಯಿತು. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಹಣ ಕೇಳುವವರು ಬಹುತೇಕ ಮೋಸಗಾರರೇ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆಮಾಡಬೇಕು.

ಇಲ್ಲದ ಅನುಭವ ಸೇರಿಸುವ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹಾಗೆ ಮಾಡಲು ಸಲಹೆ ಕೊಡುವ ಹಿರಿಯರೂ ನಮ್ಮಲ್ಲಿದ್ದಾರೆ. 2014ರಿಂದ ಭವಿಷ್ಯನಿಧಿ ಸದಸ್ಯರಿಗೆ ಯುಎಎನ್ ಎಂಬ ಒಂದೇ ಸಂಖ್ಯೆ ಇದೆ. ಕಂಪನಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಯಾವ ಸಂಸ್ಥೆಗೆ ಎಂದು ಸೇರಿದ, ಎಂದು ಬಿಟ್ಟ ಎಂಬ ಸೇವಾ ವಿವರ ಅದರಡಿ ದಾಖಲಾಗುತ್ತದೆ. ಅನೇಕ ಕಂಪನಿಗಳು ಆಫರ್ ಲೆಟರ್ ಕೊಟ್ಟ ಮೇಲೆ ಬಯೋಡಾಟಾದ ತಾರೀಖುಗಳನ್ನು ಇದರೊಡನೆ ಹೋಲಿಸುತ್ತವೆ. ಆರು ತಿಂಗಳ ಖಾಲಿ ಅವಧಿಯನ್ನು ಮುಚ್ಚಲು ಹೋಗಿ, ಹಳೆಯ ಕೆಲಸಕ್ಕೂ ರಾಜೀನಾಮೆ ಕೊಟ್ಟು, ಹೊಸದನ್ನೂ ಕಳೆದುಕೊಂಡ ತರುಣನೊಬ್ಬನ ತಾಯಿ ನನ್ನೆದುರು ಕಣ್ಣೀರು ಹಾಕಿದ್ದಾರೆ. ಖಾಲಿ ಅವಧಿ ಅಪರಾಧವಲ್ಲ. ತಂದೆಯ ಕಾಯಿಲೆ, ಊರಿನ ಜಮೀನಿನ ಕೆಲಸ, ಪರೀಕ್ಷೆಯ ತಯಾರಿ, ಏನಿದ್ದರೂ ಒಂದು ಸಾಲಿನಲ್ಲಿ ಬರೆದರೆ ಓದುವವರಿಗೆ ಅರ್ಥವಾಗುತ್ತದೆ.

ಮಕ್ಕಳು ದೊಡ್ಡವರಾದ ಮೇಲೆ ಮರಳಿ ಕೆಲಸ ಹುಡುಕುವ ಸೋದರಿಯರಿಗೂ ಇದೇ ಮಾತು. ಹತ್ತು ವರ್ಷದ ಜಾಗದಲ್ಲಿ ‘ಗೃಹಿಣಿ’ ಎಂದು ಬರೆದು ಬಂದವರೊಬ್ಬರು, ಮಾತಾಡುತ್ತಾ ಹೋದಂತೆ, ಐದು ವರ್ಷ ಮನೆಯಲ್ಲಿ ಟ್ಯೂಷನ್ ನಡೆಸಿದವರು, ಸಂಘದ ಮಹಿಳಾ ವಿಭಾಗದ ಕೋಶಾಧಿಕಾರಿಯಾಗಿ ಬ್ಯಾಂಕ್ ಖಾತೆ ನೋಡಿಕೊಂಡವರು ಎಂದು ತಿಳಿಯಿತು. ಅದನ್ನು ವರ್ಷಗಳೊಡನೆ ಬರೆದು ಕೊಟ್ಟೆವು. ಅವರು ಈಗ ಶಾಲೆಯೊಂದರ ಕಚೇರಿಯಲ್ಲಿದ್ದಾರೆ.

ಈಚೆಗೆ ಝೆರಾಕ್ಸ್ ಅಂಗಡಿಯ ಜಾಗಕ್ಕೆ ಚಾಟ್‌ಜಿಪಿಟಿಯಂಥ ತಂತ್ರಾಂಶಗಳು ಬಂದಿವೆ. ಅವುಗಳಿಂದ ಇಂಗ್ಲಿಷಿನ ತಪ್ಪು ತಿದ್ದಿಸಿಕೊಳ್ಳುವುದರಲ್ಲಿ ದೋಷವಿಲ್ಲ; ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ತನ್ನ ಕೆಲಸದ ವಿವರವನ್ನು ಮೊದಲು ತಾನೇ, ಬೇಕಾದರೆ ಕನ್ನಡದಲ್ಲೇ, ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು ಆಮೇಲೆ ಅವುಗಳ ಬಳಿ ಹೋಗಬೇಕು. ವಿವರ ಕೊಡದೆ ಕೇಳಿದರೆ ಎಲ್ಲರಿಗೂ ಒಪ್ಪುವ ನುಣುಪಾದ ಸಾಲುಗಳು ಸಿಗುತ್ತವೆ, ಮಾಡದ ಕೆಲಸಗಳೂ ಅದರಲ್ಲಿ ಸೇರಿಬಿಡಬಹುದು. ಸಂದರ್ಶನದಲ್ಲಿ ಅದೇ ಸಾಲಿನ ಮೇಲೆ ಪ್ರಶ್ನೆ ಬಂದಾಗ ಉತ್ತರಿಸಬೇಕಾದವನು ತಾನೇ ಅಲ್ಲವೇ? ನನ್ನ ಬಳಿಗೆ ಬರುವವರಿಗೆ ನಾನು ಮೊದಲು ಕೇಳುವುದು, ‘ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಕೆಲಸದಲ್ಲಿ ಏನೇನು ಮಾಡಿದಿ, ಹೇಳು ಮಗಾ’ ಎಂದು. ಅವರು ಹೇಳುತ್ತಾ ಹೋದಂತೆ ಬರೆದುಕೊಳ್ಳುತ್ತೇನೆ. ಅರ್ಧ ಬಯೋಡಾಟಾ ಅಲ್ಲಿಯೇ ಸಿದ್ಧವಾಗಿರುತ್ತದೆ.

ಹೀಗೆ ಬಯೋಡಾಟಾ ತಿದ್ದಿಕೊಡುವ ಕೆಲಸವನ್ನು ನಮ್ಮ ಸಂಘಗಳೂ ಮಾಡಬಹುದು, ಇದಕ್ಕೆ ಹಣ ಬೇಕಾಗಿಲ್ಲ. ಬ್ಯಾಂಕ್, ಕಾರ್ಖಾನೆ, ವಿಮಾ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಪುಸ್ತಕ ವಿತರಣೆಯ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಎರಡು ಮೇಜು ಹಾಕಿ, ಪದವಿ ಮುಗಿಸಿದ ಅಣ್ಣ ಅಕ್ಕಂದಿರೂ ತಮ್ಮ ಬಯೋಡಾಟಾ ತರಲಿ ಎಂದು ಆಮಂತ್ರಣದಲ್ಲಿ ಒಂದು ಸಾಲು ಸೇರಿಸಿದರೆ ಆರಂಭಕ್ಕೆ ಅಷ್ಟು ಸಾಕು. ಹೋಟೆಲ್ ಮಾಲಕರಲ್ಲಿಯೂ ಒಂದು ವಿನಂತಿ: ತಮ್ಮಲ್ಲಿ ದುಡಿಯುತ್ತಾ ಓದುವ ಹುಡುಗರಿಗೆ ಅವರು ಬಿಡುವಾಗ, ಯಾವ ಅವಧಿಯಲ್ಲಿ ಯಾವ ಹೊಣೆ ನಿರ್ವಹಿಸಿದರೆಂದು ಹೋಟೆಲಿನ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿಕೊಡಿ. ಬಾಯಿಮಾತಿನ ಹೊಗಳಿಕೆಯನ್ನು ಬಯೋಡಾಟಾಕ್ಕೆ ಲಗತ್ತಿಸಲಾಗದು. ತಮ್ಮ ಪತ್ರಿಕೆಯೂ ತಿಂಗಳಿಗೊಮ್ಮೆ ಕಾಲು ಪುಟವನ್ನು ಇದಕ್ಕೆ ಮೀಸಲಿಟ್ಟು, ಹೆಸರು ವಿಳಾಸ ತೆಗೆದ ಒಂದು ಬಯೋಡಾಟಾವನ್ನು ತಿದ್ದುವ ಮೊದಲು ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತೆಂದು ಪ್ರಕಟಿಸುವುದಾದರೆ, ಅದನ್ನು ಸಿದ್ಧಪಡಿಸಿ ಕೊಡಲು ನಾನೂ ನನ್ನಂತೆ ನಿವೃತ್ತರಾದ ಇಬ್ಬರು ಮಿತ್ರರೂ ಒಪ್ಪಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಸಿಬ್ಬಂದಿ ಅಧಿಕಾರಿ,
ಡೊಂಬಿವಲಿ ಪೂರ್ವ